ಬೆರಳಿನ ಮೇಲೆ ಬಿದ್ದ ಅಪವಾದ

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಮಾವನವರದ್ದು ಇದರ ತಿರುವುಮುರುವು: ನೆಲವೇ ಡೊಂಕಾಗಿದ್ದಾಗ ಕಾಲನ್ನು ಬೈದುಕೊಂಡವರು. ಗಿಟಾರಿನ ದಪ್ಪ ತಂತಿ ಮೀಟಿದಾಗಲೆಲ್ಲ ಆಂಪ್ಲಿಫೈಯರ್ ಜರ್ರ್ ಎನ್ನತೊಡಗಿದ್ದೇ ತಡ, ತಮ್ಮ ಎಡಗೈ ಬೆರಳು ಸೋತವು ಎಂದುಕೊಂಡರು. ತಂತಿಯನ್ನು ಸರಿಯಾಗಿ ಒತ್ತದಿದ್ದರೂ ಅಂಥದ್ದೇ ಸದ್ದು ಬರುತ್ತದೆ. ವಯಸ್ಸಾದವರಿಗೆ ಮೊದಲು ಹೊಳೆಯುವುದೂ ಅದೇ. ಯಾರಿಗೂ ಹೇಳದೆ ಒಳಗೊಳಗೇ ಕೊರಗಿ, ಕೊನೆಗೊಂದು ಬೆಳಿಗ್ಗೆ ಗಿಟಾರನ್ನೂ ಆಂಪ್ಲಿಫೈಯರ್ ಪೆಟ್ಟಿಗೆಯನ್ನೂ ಹೊತ್ತು ಕೆಳಗಿದ್ದ ಸೊಸೆಯ ರಿಪೇರಿ ಅಂಗಡಿಗೆ ಇಳಿದು ಬಂದರು.

"ಎರಡನ್ನೂ ಯಾರಿಗಾದ್ರೂ ಮಾರಿಬಿಡಮ್ಮ. ಭಾನುವಾರದ ಕಾರ್ಯಕ್ರಮಕ್ಕೆ ಬೇರೆಯವರನ್ನ ನೋಡ್ಕೊಳ್ಳಿ ಅಂತ ಸಂಜೆ ನಮ್ಮ ವಾದ್ಯ ತಂಡದವರು ಬಂದಾಗ ಹೇಳ್ತೀನಿ."

ಸೊಸೆ ಯಾಕೆ ಎಂದು ಕೇಳಲಿಲ್ಲ. "ಪರೀಕ್ಷೆ ಮಾಡದೆ ನಾನು ಯಾವ ಸಾಮಾನೂ ಮಾರಲ್ಲ ಮಾವ. ನುಡಿಸಿ."

ನುಡಿಸಿದರು. ಜರ್ರ್. ಮಾವನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವಳು ವೈರ್ ಕಿತ್ತು, ಗಿಟಾರಿನ ಮರಕ್ಕೇ ಕಿವಿ ಹಚ್ಚಿ, "ಮತ್ತೆ ಅದನ್ನೇ" ಎಂದಳು. ಈಗ ಜರ್ರ್ ಇಲ್ಲದ್ದು ಕೇಳಿ ಹುಬ್ಬೇರಿಸಿದಳು. ಆಮೇಲೆ ಪೆಟ್ಟಿಗೆಯೊಳಗಿನ ಸ್ಪೀಕರ್ ಬಿಚ್ಚಿ, ಅದರ ಕಾಗದದ ಬಟ್ಟಲಿನ ಮೇಲೆ ಎರಡೂ ಕೈಗಳ ಬೆರಳುಗಳನ್ನು ಸಮನಾಗಿಟ್ಟು ಮೆಲ್ಲಗೆ ಒತ್ತಿದಳು. ಒಳಗೆಲ್ಲೋ ಕರಕರ ಎಂದಿತು.

"ಕೇಳ್ತಾ? ಒಳಗಿನ ತಂತಿ ಸುರುಳಿ ವಾಲಿ ಅಯಸ್ಕಾಂತಕ್ಕೆ ಉಜ್ತಾ ಇದೆ. ಗಿಟಾರಿನ ದಪ್ಪ ತಂತಿ ಮೀಟಿದ್ರೆ ಬಟ್ಟಲು ಜಾಸ್ತಿ ಆಡತ್ತೆ, ಆಗ ನರಳತ್ತೆ. ಗಿಟಾರು ಚೊಕ್ಕವಾಗಿದೆ, ನಿಮ್ಮ ಕೈಯೂ."

ಮಾವನಿಗೆ ನಂಬಿಕೆ ಬರಲಿಲ್ಲ. ಮನೆಯವರು ಸಮಾಧಾನಕ್ಕೆ ಏನು ಬೇಕಾದರೂ ಹೇಳುತ್ತಾರೆ.

ಅವಳು ಕಪಾಟಿನಿಂದ ಅದೇ ಅಳತೆಯ, ಅಷ್ಟೇ ಓಮ್ ವಿದ್ಯುತ್ ರೋಧದ ಹೊಸ ಸ್ಪೀಕರ್ ತೆಗೆದಳು. ಒಂದು ಸಣ್ಣ ಬ್ಯಾಟರಿ ಮುಟ್ಟಿಸಿ, ಬಟ್ಟಲು ಮುಂದಕ್ಕೆ ನೆಗೆಯಿತೇ ಎಂದು ನೋಡಿ, ಯಾವ ವೈರ್ ಎಲ್ಲಿಗೆ ಎಂದು ಖಚಿತ ಮಾಡಿಕೊಂಡಳು. ಸ್ಕ್ರೂಗಳನ್ನು ಒಂದೇ ಸಲಕ್ಕೆ ಬಿಗಿಯಲಿಲ್ಲ. ಇದನ್ನಿಷ್ಟು, ಎದುರಿನದನ್ನಿಷ್ಟು, ಚೌಕಟ್ಟು ತಿರುಚದಂತೆ. ತಾನು ಶ್ರುತಿ ಮಾಡುವಾಗಲೂ ಇಷ್ಟು ತಾಳ್ಮೆ ತೋರಿದವನಲ್ಲ ಎನಿಸಿ ಮಾವನಿಗೆ ಸೊಸೆಯ ಮೇಲೆ ಹೆಮ್ಮೆ ಉಕ್ಕಿ ಬಂತು.

"ಈಗ ನುಡಿಸಿ."

ದಪ್ಪ ತಂತಿ ತುಂಬು ದನಿಯಲ್ಲಿ ಮೊಳಗಿತು. ಮಾವನ ಕಣ್ಣು ತೇವವಾದವು. ಹುರುಪೇರಿ ಒಂದು ವೇಗದ ತುಣುಕು ಹಿಡಿದರು. ನಡುವೆ ಒಂದು ಸ್ವರ ಸಣ್ಣಗೆ ಜರ್ರ್ ಎಂದಿತು. ಅವರ ಕೈ ಅಲ್ಲೇ ನಿಂತಿತು.

"ಇದೂ ಸ್ಪೀಕರ್ರಾ?"

"ಅಲ್ಲ," ಸೊಸೆ ಸ್ಕ್ರೂಡ್ರೈವರ್ ಒರೆಸುತ್ತ ಹೇಳಿದಳು. "ಇದು ನಿಮ್ದೇ. ಕಿರುಬೆರಳು. ಅದರ ಬಿಡಿಭಾಗ ನನ್ನ ಹತ್ರ ಇಲ್ಲ, ಅಭ್ಯಾಸ ಮಾಡಿ."

ಮಾವ ಮನಸಾರೆ ನಕ್ಕರು. ಇದನ್ನು ಮುಚ್ಚಿಡದವಳು ಮೊದಲೂ ಸುಳ್ಳು ಹೇಳಿರಲಾರಳು.

ಸಂಜೆ ತಂಡದವರು ಬಂದಾಗ ಅವರು ಆ ಒಂದು ಸ್ವರವನ್ನೇ ತಿರುತಿರುಗಿ ನುಡಿಸುತ್ತ ಕೂತಿದ್ದರು.