ಮದುವೆಯ ಹೊರತಾದ ಸಂಬಂಧ

ಅರ್ಜಿಯ ಪ್ರಶ್ನೆಯನ್ನು ಪ್ರೀತಂ ಕನ್ನಡದಲ್ಲಿ ಓದಿ ಹೇಳಿದ: ನಿಮ್ಮಿಬ್ಬರ ನಡುವೆ ಮದುವೆಯ ಹೊರತಾದ ಸಂಬಂಧ ಇದೆಯೇ?

"ಅಂತಾವೆಲ್ಲ ನಮ್ಮನೇಲಿಲ್ಲ ಕಣಪ್ಪ" ಎಂದ ಶಿವರಾಜು, ಸ್ವಲ್ಪ ಬಿರುಸಾಗಿಯೇ.

ಪ್ರೀತಂ ನಗಲಿಲ್ಲ. ಮಂಡ್ಯದಲ್ಲಿ ವೀಸಾ ಅರ್ಜಿ ತುಂಬಿಕೊಡುವ ಕಚೇರಿಯನ್ನು ಅವನು ತೆರೆದು ನಾಲ್ಕು ವರ್ಷವಾಗಿತ್ತು. ಇಂಗ್ಲೆಂಡಿನವರು ಕೇಳುತ್ತಿರುವುದು ರಕ್ತಸಂಬಂಧದ ಬಗ್ಗೆ ಎಂದು ಬಿಡಿಸಿ ಹೇಳಿದ.

ಶಿವರಾಜು ಮದ್ದೂರಿನಲ್ಲಿ ಲೈನ್‌ಮನ್. ಹೆಂಡತಿ ವೀಣ ಅವನ ಅಕ್ಕ ಜಯಲಕ್ಷ್ಮಮ್ಮನ ಮಗಳು. ಆರು ವರ್ಷದ ಹಿಂದೆ ಮಳವಳ್ಳಿಯ ಛತ್ರದಲ್ಲಿ ಮದುವೆಯಾದಾಗ ಊಟಕ್ಕೆ ಬಂದ ಎಂಟುನೂರು ಜನರಲ್ಲಿ ಒಬ್ಬರಿಗೂ ಅದು ವಿಶೇಷ ಅನಿಸಿರಲಿಲ್ಲ. ವೀಣ ನರ್ಸ್ ಕೆಲಸಕ್ಕೆ ಇಂಗ್ಲೆಂಡಿನ ಲೀಡ್ಸ್‌ಗೆ ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಗಂಡನನ್ನು ಕರೆಸಿಕೊಳ್ಳಲು ಅವಳಿಗೆ ಅವಕಾಶವಿತ್ತು. ಆದರೆ ಸೋದರಮಾವನನ್ನು ಮದುವೆಯಾಗುವುದು ಆ ದೇಶದಲ್ಲಿ ನಿಷಿದ್ಧ. ಇಲ್ಲಿ ನೋಂದಣಿಯಾದ ಮದುವೆಯಾದರೂ ಅಂಥ ಗಂಡನಿಗೆ ವೀಸಾ ಇಲ್ಲ.

ಪ್ರೀತಂ ಕಡತ ತಿರುವಿದ. ಇಬ್ಬರ ಪಾಸ್‌ಪೋರ್ಟ್, ಮದುವೆಯ ಪ್ರಮಾಣಪತ್ರ, ಯಾವುದರಲ್ಲೂ ಅಕ್ಕ-ತಮ್ಮನ ಗುರುತಿಲ್ಲ. ಜೊತೆಗಿಟ್ಟ ವಾಟ್ಸಾಪ್ ಸಂದೇಶಗಳೆಲ್ಲ "ಮಾವ" ಎಂದೇ ಶುರುವಾಗಿದ್ದವು. ನಮ್ಮ ಕಡೆ ಸಂಬಂಧವಿಲ್ಲದ ಗಂಡನನ್ನೂ ಹಾಗೆ ಕರೆಯುತ್ತಾರೆ ಎಂದು ವಿವರಣೆ ಬರೆಯಬಹುದು. 'ಇಲ್ಲ' ಎಂದು ಹಾಕಿದರೆ ಬಹುಶಃ ದಾಟುತ್ತದೆ. ಸುಳ್ಳು ಹಿಡಿದರೆ ಹತ್ತು ವರ್ಷ ಅತ್ತ ಕಾಲಿಡುವಂತಿಲ್ಲ, ವೀಣಳ ವೀಸಾಕ್ಕೂ ತೊಂದರೆ ಬರಬಹುದು. ಇಷ್ಟನ್ನು ಹೇಳಿ, ನಿರ್ಧಾರ ನಿಮ್ಮದು ಎಂದ.

ಶಿವರಾಜು ಹೊರಗೆ ಮೆಟ್ಟಿಲ ಮೇಲೆ ನಿಂತು ಪೂರಿಗಾಲಿಯಲ್ಲಿದ್ದ ಅಕ್ಕನಿಗೆ ಫೋನ್ ಮಾಡಿದ. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ಸಂಬಂದ ಇಲ್ಲ ಅಂತ ಬರ್ದಾಕು ಕಣ್ಲಾ."

"ನೀನು ನನ್ನ ಅಕ್ಕ ಅಲ್ಲ ಅಂದಂಗಾಯ್ತದೆ."

"ಆಗ್ಲಿ ಬುಡು. ಚಿಕ್ಕೋನಿದ್ದಾಗ ನನ್ ಮ್ಯಾಲೆ ಮುನಿಸ್ಕಂಡು ಎಷ್ಟ್ ಸಲ ಅಂದಿಲ್ಲ ನೀನು? ಮಗ್ಳು ಅಲ್ಲಿ ಒಬ್ಳೇ ಅವ್ಳೆ. ಬರ್ದಾಕು."

ಏನು ಕೇಳಿದರೂ ವೀಸಾ ಸಿಗುವಂತೆ ಬರೆಸು ಎಂದು ಹಿಂದಿನ ದಿನ ವೀಣಳೂ ಹೇಳಿದ್ದಳು. ಅಲ್ಲಿ ಕೆಲಸ ಸಿಗಲೆಂದು ಅವಳು ಮೂರು ಸಲ ಪರೀಕ್ಷೆ ಬರೆದಿದ್ದು, ಎರಡು ಸಲ ಫೇಲಾಗಿ ಅಡುಗೆಮನೆಯಲ್ಲಿ ಅತ್ತಿದ್ದು ಶಿವರಾಜುವಿಗೆ ಗೊತ್ತಿತ್ತು. ಒಳಗೆ ಹೋಗಿ ಪ್ರೀತಂ ಎದುರು ಕೂತ.

"ಹೌದು ಅಂತ ಹಾಕು."

"ಹಂಗ್ ಹಾಕಿದ್ರೆ ಕಳಿಸೋದೇ ದಂಡ ಅಣ್ಣ."

"ಅಂಗಾರೆ ಕಳಿಸ್ಬೇಡ."

ಕಡತ ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತಿದ. ಮದ್ದೂರಿನಲ್ಲಿ ಇಳಿದಾಗ ಐದೂವರೆ. ಲೀಡ್ಸ್‌ನಲ್ಲಿ ಆಗ ಮಧ್ಯಾಹ್ನ, ವೀಣಳ ಊಟದ ಬಿಡುವು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಅವಳಿಗೆ ವಿಷಯ ತಿಳಿಸಿದ. ಅವಳು ಬೈಯಲಿಲ್ಲ. ನಾನೇ ವಾಪಸ್ ಬರಲಾ ಎಂದು ಕೇಳಿದಳು. ಬೇಡ ಎಂದ. ಎರಡನೇ ಸಲ ಅವಳು ಕೇಳಲಿಲ್ಲ. ಅದನ್ನು ಅವನು ಗಮನಿಸಿದ.

ಫೋನಿನ ಆ ಕಡೆ ಯಾರೋ ಇಂಗ್ಲಿಷಿನಲ್ಲಿ ಅವಳನ್ನು ಕರೆದರು. ಅವಳು ಇಂಗ್ಲಿಷಿನಲ್ಲೇ ಉತ್ತರಿಸಿ, ಮತ್ತೆ ಫೋನಿಗೆ ಬಂದಳು.

"ಬಾಡಿಗೆ ಕರಾರಿಗೆ ನಿನ್ನ ಹೆಸ್ರೂ ಸೇರಿಸಿದ್ದೆ" ಎಂದಳು. "ದೊಡ್ಡ ರೂಮು. ನಾಳೆ ಸೈನು. ಏನ್ ಮಾಡ್ಲಿ?"

"ಚಿಕ್ಕದು ಸಿಕ್ತದಾ ನೋಡು" ಎಂದ ಶಿವರಾಜು.