ದಿಲ್ಸಿಯಾ ಓದಿದ ಪುಟ

ಶಾಲೆಯ ಗಂಟೆ ಎರಡು ವರ್ಷ ಬಾಯಿ ಬಿಟ್ಟಿರಲಿಲ್ಲ. ಗಂಟೆ ಎಂದರೆ ಹಳೆಯ ಲಾರಿ ಚಕ್ರದ ಕಬ್ಬಿಣದ ಬಳೆ, ಪೈನ್ ಮರದ ಕೊಂಬೆಗೆ ತಂತಿಯಲ್ಲಿ ನೇತುಹಾಕಿದ್ದು. ರೋಗ ಬಂದು ಶಾಲೆ ಮುಚ್ಚಿದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ, ಕಣಜದ ಹುಳುಗಳು ಅದರ ಬಗಲಲ್ಲಿ ಗೂಡು ಕಟ್ಟಿದ್ದವು. ಆ ಸೋಮವಾರ ಬೆಳಿಗ್ಗೆ ಅದು ಢಣ್ ಎಂದಾಗ ಒತಿಲಿಯಾ ಒಲೆಯ ಮುಂದೆ ಮೆಕ್ಕೆಜೋಳದ ರೊಟ್ಟಿ ತಟ್ಟುತ್ತಿದ್ದಳು. ಹಿಟ್ಟು ಕೈಯಲ್ಲೇ ನಿಂತಿತು. ಈಚೆಗೆ ಆ ಬೆಟ್ಟದಲ್ಲಿ ಗಂಟೆ ಎಂದರೆ ಇಗರ್ಜಿಯದು, ಇಗರ್ಜಿಯದೆಂದರೆ ಸಾವಿನದು. ಯಾರು ಹೋದರು ಎಂದು ಕೇಳಲು ಅವಳು ಬಾಯಿ ತೆರೆದೂ ಆಗಿತ್ತು.

"ಇಸ್ಕೂಲ್ ಗಂಟೆ ಅಜ್ಜಿ," ಎಂದಳು ಮೊಮ್ಮಗಳು ದಿಲ್ಸಿಯಾ. "ಯಾರೂ ಸತ್ತಿಲ್ಲ."

ದಿಲ್ಸಿಯಾ ಬಿಳಿ ಅಂಗಿ, ನೀಲಿ ಲಂಗ ತೊಟ್ಟು ಬಾಗಿಲಲ್ಲಿ ನಿಂತಿದ್ದಳು. ಒಂದನೆಯ ಕ್ಲಾಸಿಗೆಂದು ಹೊಲಿಸಿದ ಲಂಗವದು. ಮಡಿಕೆ ಪೂರ್ತಿ ಬಿಚ್ಚಿದರೂ ಮೊಣಕಾಲು ಮುಚ್ಚುತ್ತಿರಲಿಲ್ಲ. ಆ ಮಗು ಶಾಲೆ ಸೇರಿ ಒಂದು ತಿಂಗಳಾಗಿತ್ತೋ ಇಲ್ಲವೋ, ಬಾಗಿಲು ಹಾಕಿಬಿಟ್ಟರು. ತಾಯಿ ಉತ್ತರದ ಪಟ್ಟಣದಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿದ್ದಳು, ಕ್ರಿಸ್ಮಸ್ಸಿಗೆ ಬಂದರೆ ಬಂದಳು. ಪಾಠ ಫೋನಿನಲ್ಲಿ ಬರುತ್ತದೆ ಎಂದು ಮೇಲಿನವರು ಹೇಳಿದ್ದರು. ಆ ಬೆಟ್ಟಕ್ಕೆ ಫೋನಿನ ಮಾತೇ ಹತ್ತುತ್ತಿರಲಿಲ್ಲ, ಪಾಠ ಎಲ್ಲಿಂದ ಹತ್ತಬೇಕು. ಆಗ ಒತಿಲಿಯಾಳ ಗಂಡ ಮಾಕ್ಲೋವಿಯೋ, "ನಾನಿಲ್ವಾ? ನನ್ ಮೊಮ್ಮಗಳಿಗೆ ನಾನೇ ಕಲಿಸ್ತೀನಿ," ಎಂದಿದ್ದ.

ಅವನು ಹಾಗೆ ಹೇಳಿದರೆ ಎದುರಾಡುವವರು ಊರಲ್ಲಿ ಇರಲಿಲ್ಲ. ಪಾದ್ರಿಗಳು ಆ ಬೆಟ್ಟಕ್ಕೆ ಬರುವುದು ವರ್ಷಕ್ಕೊಮ್ಮೆ. ಉಳಿದ ದಿನಗಳಲ್ಲಿ ಹುಟ್ಟಿಗೂ ಸಾವಿಗೂ ಜಪ ಹೇಳಿಸುವವನು ಮಾಕ್ಲೋವಿಯೋ. ಸಾವಾದ ಮನೆಯಲ್ಲಿ ಒಂಬತ್ತು ಸಂಜೆ ಅವನ ಕಪ್ಪು ರಟ್ಟಿನ ಪುಸ್ತಕ ತೆರೆಯಬೇಕು, ಅವನು ಹೆಬ್ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಬೇಕು, ಆಮೇಲೆಯೇ ಸತ್ತವರಿಗೆ ದಾರಿ. ಅವನಪ್ಪನೂ ಅದೇ ಪುಸ್ತಕ ಹಿಡಿದು ಜಪ ಹೇಳಿಸಿದವನು. ಒತಿಲಿಯಾಳಿಗೆ ಒಂದಕ್ಷರ ಬಾರದು. ಓದಲು ಬರುವವನನ್ನು ಮದುವೆಯಾದೆ ಎಂಬುದೇ ಅವಳ ಬದುಕಿನ ದೊಡ್ಡಸ್ತಿಕೆ.

ರೋಗದ ಎರಡನೆಯ ವರ್ಷ ಮಾಕ್ಲೋವಿಯೋ ಹೋದ. ಆಸ್ಪತ್ರೆಯಿಂದ ಮುಚ್ಚಿದ ಪೆಟ್ಟಿಗೆ ಬಂತು, ಬಿಳಿ ಉಡುಪಿನವರು ಮಣ್ಣು ಮಾಡಿ ಹೋದರು. ಊರೆಲ್ಲರಿಗೂ ಜಪ ಹೇಳಿಸಿದವನಿಗೆ ಜಪ ಹೇಳಿಸುವವರೇ ಇಲ್ಲ ಎಂದು ಒತಿಲಿಯಾ ಹೊಸ್ತಿಲಲ್ಲಿ ಕುಸಿದು ಕೂತಿದ್ದಾಗ ದಿಲ್ಸಿಯಾ ಆ ಪುಸ್ತಕ ತಂದು ಎದೆಯ ಮಟ್ಟಕ್ಕೆ ಹಿಡಿದು ನಿಂತಳು. ಹೆಬ್ಬೆರಳಿಗೆ ಎಂಜಲು ಹಚ್ಚಿದಳು. ಓದಿದಳು. ಜನ ಬೇಲಿಯಾಚೆ ದೂರ ದೂರ ನಿಂತು ಕೇಳಿದರು. ಒಂಬತ್ತು ಸಂಜೆ ಹಾಗೇ ನಡೆಯಿತು. ಅಲ್ಲಿಂದ ಮುಂದೆ ಯಾರ ಮನೆಯಲ್ಲಿ ಸಾವಾದರೂ ಆ ಮಗುವಿಗೇ ಕರೆ ಬರತೊಡಗಿತು.

ದಾರಿಯಲ್ಲಿ ಎರ್ಲಿಂದಾ ಜೊತೆಯಾದಳು. ಅವಳ ಕೊನೆಯ ಮಗಳಿಗೆ ಒತಿಲಿಯಾ ಜ್ಞಾನಸ್ನಾನದ ತಾಯಿ. ಆ ನಂಟಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುವುದು. ಎರ್ಲಿಂದಾಳ ಗಂಡನೂ ಅದೇ ರೋಗದಲ್ಲಿ ಹೋಗಿದ್ದ, ಅವನಿಗೂ ದಿಲ್ಸಿಯಾಳೇ ಜಪ ಹೇಳಿಸಿದ್ದಳು.

"ಏನ್ ಕೊಮಾದ್ರೆ, ಮೊಮ್ಮಗಳನ್ನ ಇಸ್ಕೂಲಿಗೆ ಕಲಿಯೋಕೆ ಕರ್ಕೊಂಡ್ ಹೋಗ್ತಿದೀಯೋ ಕಲಿಸೋಕೋ?"

"ನೀ ಸುಮ್ನಿರೇ."

"ಅಲ್ಲ, ಆ ಟೀಚರಮ್ಮ ಎರಡು ವರ್ಷ ಮನೇಲಿ ಕೂತು ಅಕ್ಷರ ಮರ್ತಿದ್ರೆ ಇವಳೇ ಹೇಳಿಕೊಡ್ಲಿ ಅಂದೆ. ನನ್ ಮಗಳಿಗೆ ಅವಳ ಹೆಸರು ಬರೆಯೋಕೂ ಬರಲ್ಲ. ಕತ್ತೆ ಮೇಯಿಸೋದು ಕಲ್ತಿದಾಳೆ, ಕತ್ತೆಗೂ ಅವಳಿಗೂ ಚೆನ್ನಾಗಿ ಮಾತುಕತೆ ಆಗತ್ತೆ."

ಒತಿಲಿಯಾ ನಕ್ಕಳು. ಮುಖಗವಸು ಇದ್ದದ್ದರಿಂದ ನಗು ಕಣ್ಣಲ್ಲಷ್ಟೇ ಕಂಡಿತು. ಶಾಲಿನ ಗಂಟಿನಲ್ಲಿ ಅವಳು ಕಪ್ಪು ಪುಸ್ತಕ ಕಟ್ಟಿಕೊಂಡಿದ್ದಳು. ಯಾರೂ ತಾ ಎಂದಿರಲಿಲ್ಲ. ತೋರಿಸಬೇಕೆನಿಸಿತ್ತು.

ಶಾಲೆಯ ಅಂಗಳದಲ್ಲಿ ಬಕೆಟ್ಟು, ಸೋಪು ಇಟ್ಟಿದ್ದರು. ಮಕ್ಕಳು ಕೈ ತೊಳೆದು ಸಾಲಾಗಿ ನಿಂತಿದ್ದರು. ಮೊದಲಿನ ಅರ್ಧ ಮಕ್ಕಳೂ ಇರಲಿಲ್ಲ. ದೊಡ್ಡ ಹುಡುಗರು ಕಾಫಿ ಕೀಳಲು ಹೋದವರು ಅಲ್ಲೇ ಉಳಿದಿದ್ದರು. ಒಬ್ಬಳು ಹುಡುಗಿ ಬೇಲಿಯಾಚೆ ಕಂಕುಳಲ್ಲಿ ಕೂಸು ಎತ್ತಿಕೊಂಡು ನಿಂತು ನೋಡುತ್ತಿದ್ದಳು. ಮುಚ್ಚುವಾಗ ಆರನೆಯ ಕ್ಲಾಸಿನಲ್ಲಿದ್ದವಳು. ಕೂಸು ಅವಳ ತಮ್ಮನಿರಬೇಕು ಎಂದುಕೊಂಡ ಟೀಚರ್ ಮಾರ್ಬೆಲಿ ಹತ್ತಿರ ಹೋಗಿ ಕೇಳಿದರು. "ನಂದೇ," ಎಂದಳು ಅವಳು. ಟೀಚರ್ ತಲೆ ತಗ್ಗಿಸಿಕೊಂಡು ಮರಳಿ ಬಂದರು.

ಆಮೇಲೆ ಒಂದನೆಯದರಲ್ಲಿ ಬಿಟ್ಟುಹೋಗಿದ್ದ ಮಕ್ಕಳನ್ನು ಒಬ್ಬೊಬ್ಬರನ್ನೇ ಒಳಗೆ ಕರೆದರು. ಕಾಗದದಲ್ಲಿ ಅವರೆಲ್ಲ ಈಗ ಮೂರನೆಯ ಕ್ಲಾಸು. ಓದಲು ಬಂದರೆ ಅಲ್ಲಿ, ಬಾರದಿದ್ದರೆ ಒಂದನೆಯದರಿಂದ ಮತ್ತೆ. ಎರ್ಲಿಂದಾಳ ಮಗಳು ಹೋದಷ್ಟೇ ಬೇಗ ಬಂದಳು. "ಒಂದು," ಎಂದಳು. ದಿಲ್ಸಿಯಾಳ ಸರದಿ ಬಂದಾಗ ಒತಿಲಿಯಾಳೂ ಒಳಗೆ ಹೋಗಿ ಬೆಂಚಿನ ತುದಿಯಲ್ಲಿ ಕೂತಳು.

"ಟೀಚರಮ್ಮ, ಅವಳಿಗೆ ಕಷ್ಟದ್ದೇ ಕೊಡಿ. ಸುಲಭದ್ದು ಬೇಡ."

ಟೀಚರ್ ಒಂದು ತೆಳು ಪುಸ್ತಕ ಕೊಟ್ಟರು. ಅದರಲ್ಲಿ ಕೋಳಿಯ ಚಿತ್ರವಿತ್ತು. ದಿಲ್ಸಿಯಾ ಚಿತ್ರ ನೋಡಿದಳು, ಪುಟ ನೋಡಿದಳು, ಟೀಚರ ಮುಖ ನೋಡಿದಳು.

"ಇದು ನಂಗೆ ಗೊತ್ತಿಲ್ಲ."

"ಓದು ಮಗಾ, ಗೊತ್ತಾಗತ್ತೆ."

"ಇದನ್ನ ಅಜ್ಜ ಹೇಳೇ ಇಲ್ಲ."

"ನಾಚಿಕೆ ಟೀಚರಮ್ಮ," ಎಂದಳು ಒತಿಲಿಯಾ, "ಹೊಸಬರ ಮುಂದೆ ಬಾಯಿ ಬಿಡಲ್ಲ." ಶಾಲಿನ ಗಂಟು ಬಿಚ್ಚಿ ಕಪ್ಪು ಪುಸ್ತಕ ಮೊಮ್ಮಗಳ ಕೈಗಿಟ್ಟಳು.

ದಿಲ್ಸಿಯಾಳ ಬೆನ್ನು ತಾನಾಗಿ ನೆಟ್ಟಗಾಯಿತು. ಕೆಂಪು ರಿಬ್ಬನ್ ಇದ್ದ ಕಡೆ ತೆರೆದಳು, ಮುಖಗವಸು ಕೆಳಗೆಳೆದು ಹೆಬ್ಬೆರಳಿಗೆ ಎಂಜಲು ಹಚ್ಚಿದಳು. ತಾಯೀ, ಈ ಆತ್ಮ ಹೊಸ ದಾರಿಯಲ್ಲಿದೆ, ಕತ್ತಲಲ್ಲಿ ಇದರ ಕೈ ಬಿಡಬೇಡ ಎಂದು ಶುರುವಾದದ್ದು ಎಲ್ಲೂ ತಡವರಿಸದೆ ಹರಿಯಿತು. ಹೊರಗಿನ ಮಕ್ಕಳ ಗಲಾಟೆ ನಿಂತಿತು. ಒತಿಲಿಯಾ ಕಣ್ಣು ಮುಚ್ಚಿದಳು. ಮಾಕ್ಲೋವಿಯೋನೇ ಕೂತು ಹೇಳಿದ ಹಾಗಿತ್ತು, ಅವನು ಉಸಿರೆಳೆಯುತ್ತಿದ್ದ ಕಡೆಯೇ ಉಸಿರು, ಅವನು ಕೆಮ್ಮುತ್ತಿದ್ದ ಕಡೆ ಸಣ್ಣದೊಂದು ಕೆಮ್ಮು.

ಕಣ್ಣು ತೆರೆದಾಗ ಟೀಚರ್ ಎದ್ದು ಮಗುವಿನ ಬೆನ್ನ ಹಿಂದೆ ನಿಂತಿದ್ದರು. ಭುಜದ ಮೇಲಿಂದ ಪುಟ ನೋಡುತ್ತಿದ್ದರು. ಕೈ ಚಾಚಿ ಮೆಲ್ಲಗೆ ನಾಲ್ಕೈದು ಹಾಳೆ ಹಿಂದಕ್ಕೆ ತಿರುವಿದರು. ದಿಲ್ಸಿಯಾ ಒಂದು ಮಾತೂ ನಿಲ್ಲಿಸಲಿಲ್ಲ. ಟೀಚರ್ ಪುಸ್ತಕವನ್ನೇ ಅವಳ ಕೈಯಿಂದ ತೆಗೆದುಕೊಂಡರು. ಆಗಲೂ ಹರಿಯುತ್ತಲೇ ಇತ್ತು, ಬರಿಗೈಯನ್ನು ಎದೆಯ ಮಟ್ಟಕ್ಕೆ ಹಿಡಿದೇ ಇದ್ದಳು.

"ಸಾಕು ಮಗಾ. ತುಂಬಾ ಚೆನ್ನಾಗಿ ಹೇಳ್ದೆ." ಟೀಚರ ದನಿ ಸಣ್ಣಗಾಗಿತ್ತು. "ಯಾರು ಹೇಳಿಕೊಟ್ರು?"

"ಅಜ್ಜ."

"ಅಕ್ಷರ ತೋರಿಸಿದ್ರಾ? ಇದು ಅ, ಇದು ಮ ಅಂತ?"

"ಇಲ್ಲ. ಅಕ್ಷರ ನೋಡ್ತಾ ಕೂತ್ರೆ ಅಳೋರ ಮುಖ ಕಾಣಲ್ಲ, ಮುಖ ನೋಡು ಅಂದಿದ್ರು. ಕೆಮ್ಮು ಬಂದಾಗ ಪುಟ ತಿರುವ್ಬೇಕು. ರಿಬ್ಬನ್ ಮಾತ್ರ ಅಲ್ಲಿಂದ ಕದಲಿಸ್ಬಾರ್ದು, ಅವರಪ್ಪ ಇಟ್ಟಿದ್ದು."

ಟೀಚರ್ ರಿಬ್ಬನ್ ಇದ್ದ ಪುಟವನ್ನು ಇನ್ನೊಮ್ಮೆ ನೋಡಿದರು. ಒತಿಲಿಯಾ ಕೇಳಿದಳು, "ಯಾಕೆ ಟೀಚರಮ್ಮ? ಏನ್ ತಪ್ಪು ಓದಿದ್ಲು?"

"ಅಜ್ಜಿ..." ಟೀಚರ್ ಮಗುವನ್ನು ನೀರು ಕುಡಿದು ಬಾ ಎಂದು ಹೊರಗೆ ಕಳಿಸಿದರು. "ಇಲ್ಲಿರೋದು ಸತ್ತವರ ಜಪ ಅಲ್ಲ. ಮದುವೆ ದಿನ ಗಂಡು ಹೆಣ್ಣಿಗೆ ಹೇಳೋ ಬುದ್ಧಿಮಾತು. ಇಬ್ಬರೂ ಹೊಂದ್ಕೊಂಡ್ ಬಾಳಿ ಅಂತ."

ಒತಿಲಿಯಾಳಿಗೆ ಮೊದಲು ಅರ್ಥವಾದದ್ದು ಮಗುವಿನ ವಿಷಯವಷ್ಟೇ. ದಿಲ್ಸಿಯಾಳಿಗೆ ಓದು ಬಾರದು. ಆಮೇಲೆ ಎರಡನೆಯದು ಬಂತು, ನಿಧಾನವಾಗಿ, ನೀರು ನೆಲದಡಿಯಿಂದ ಜಿನುಗಿ ಬರುವ ಹಾಗೆ. ರಿಬ್ಬನ್ನು ಅವನಪ್ಪನದು. ಮಾಕ್ಲೋವಿಯೋನೂ ತೆರೆಯುತ್ತಿದ್ದದ್ದು ಅದೇ ಪುಟ. ಹಿಂದೆ ಪಾದ್ರಿಗಳು ದೊಡ್ಡ ಅಕ್ಷರದ ಹೊಸ ಪುಸ್ತಕ ಕೊಟ್ಟಾಗ ಅವನದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದಲ್ಲಿಟ್ಟಿದ್ದ, ಇದು ನಮ್ಮ ಮಣ್ಣಿನ ಕೈಗೆ ತಕ್ಕದ್ದಲ್ಲ ಎಂದು. ಎಂಥ ವಿನಯ ಎಂದು ಅವಳು ಊರೆಲ್ಲ ಹೇಳಿಕೊಂಡು ತಿರುಗಿದ್ದಳು. ಅವಳ ತಾಯಿ ಸತ್ತಾಗ, ಹುಟ್ಟಿದ ವಾರಕ್ಕೆ ಅವಳ ಮೊದಲ ಮಗ ಸತ್ತಾಗ, ಊರಿನ ಒಂದೊಂದು ಹೆಣದ ಮುಂದೆಯೂ ಆ ಮನುಷ್ಯ ಮದುವೆಯ ಪುಟ ತೆರೆದುಕೊಂಡು ಕೂತಿದ್ದ. ಪಕ್ಕದಲ್ಲೇ ಮೇಣದಬತ್ತಿ ಹಿಡಿದು ಅವಳೂ ಕೂತಿದ್ದಳು. ಪುಟಕ್ಕೆ ಬೆಳಕು ಬೀಳಲಿ ಎಂದು ಬತ್ತಿಯನ್ನು ಹತ್ತಿರ ಹಿಡಿಯುತ್ತಿದ್ದಳು.

ಅಳು ಬರಲಿಲ್ಲ.

"ನೋಡಿ ಅಜ್ಜಿ," ಟೀಚರ್ ಪಕ್ಕದಲ್ಲಿ ಕೂತರು. "ಕಾಗದದ ಲೆಕ್ಕಕ್ಕೆ ಅವಳು ಮೂರನೇದೇ. ಮೂರನೇದ್ರಲ್ಲೇ ಕೂರಿಸಿ ಅಂದ್ರೆ ಕೂರಿಸ್ತೀನಿ. ಹೊರಗೆ ಯಾರಿಗೂ ತಿಳಿಯಲ್ಲ. ಅಜ್ಜನ ಹೆಸರೂ ಉಳಿಯತ್ತೆ."

"ಅಲ್ಲಿ ಕೂತ್ರೆ ಅವಳಿಗೆ ಓದೋಕೆ ಬರತ್ತಾ?"

ಟೀಚರ್ ಸುಳ್ಳು ಹೇಳಲಿಲ್ಲ. "ಕಷ್ಟ. ಅಲ್ಲಿ ಓದೋಕೆ ಬರತ್ತೆ ಅಂದ್ಕೊಂಡೇ ಪಾಠ ನಡೆಯತ್ತೆ. ಅವಳಿಗೆ ಬಾಯಿಪಾಠ ಬೇಗ ಹತ್ತತ್ತೆ. ಹಾಗೇ ದಾಟ್ಕೊಂಡ್ ಹೋಗ್ಬಿಡ್ತಾಳೆ."

ಹಾಗೇ ದಾಟಿಕೊಂಡು ಹೋದವನೊಬ್ಬನ ಜೊತೆ ಒತಿಲಿಯಾ ಜೀವನವಿಡೀ ಬಾಳಿದ್ದಳು. ಪಕ್ಕದಲ್ಲಿ ಮಲಗಿದವಳಿಗೂ ಹೇಳಲಾರದೆ ಅವನು ಎಷ್ಟು ಭಯ ನುಂಗಿದ್ದನೋ. ಅವಳು ಟೀಚರ ಕೈಯಿಂದ ಪುಸ್ತಕ ವಾಪಸು ತೆಗೆದುಕೊಂಡಳು.

"ಒಂದಕ್ಕೇ ಹಾಕಿ," ಎಂದಳು.

ದಿಲ್ಸಿಯಾ ಪುಟ್ಟ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಕೂತದ್ದನ್ನು ನೋಡಿ ಒತಿಲಿಯಾ ಹೊರಗೆ ಬಂದಳು. ಎರ್ಲಿಂದಾ ಗೇಟಿನ ಹತ್ತಿರ ಕಾಯುತ್ತಿದ್ದಳು. ಕಿಟಕಿಯಿಂದ ಅವಳಿಗೆ ಆಗಲೇ ಕಂಡಿತ್ತು.

"ಏನೇ ಇದು, ದಿಲ್ಸಿಯಾನ ಚಿಳ್ಳೆಪಿಳ್ಳೆ ಜೊತೆ ಕೂರಿಸಿದಾರೆ? ಆ ಟೀಚರಿಗೆ ಕಣ್ಣು ಕಾಣಲ್ವಾ?"

"ಅವಳಿಗೆ ಓದೋಕೆ ಬರಲ್ಲ ಕೊಮಾದ್ರೆ."

"ಹೋಗೇ, ತಮಾಷೆ ಮಾಡ್ಬೇಡ. ನನ್ ಗಂಡನಿಗೆ ಒಂಬತ್ತು ದಿನ ಓದಿದ್ದು ಮತ್ತೆ?"

"ಓದ್ಲಿಲ್ಲ. ಬಾಯಲ್ಲಿ ಹೇಳಿದ್ಲು."

ಎರ್ಲಿಂದಾ ಗೇಟಿನ ಸರಳು ಹಿಡಿದಳು. ಆ ಒಂಬತ್ತು ಸಂಜೆಯ ಸಮಾಧಾನದ ಮೇಲೆಯೇ ಅವಳು ಇಷ್ಟು ದಿನ ನಿಂತಿದ್ದಳು. ತಗ್ಗಿದ ದನಿಯಲ್ಲಿ ಕೇಳಿದಳು, "ಹಂಗಾದ್ರೆ ಮಾಕ್ಲೋವಿಯೋಗೆ ಓದೋಕೆ ಬರ್ತಿತ್ತಾ?"

ಇಲ್ಲಿ ಒಂದು ಸುಳ್ಳು ಸಾಕಿತ್ತು. ಹುಡುಗಿ ಸರಿಯಾಗಿ ಕಲಿಯಲಿಲ್ಲ ಎಂದರೆ ಮುಗಿಯುತ್ತಿತ್ತು, ತಪ್ಪೆಲ್ಲ ಮಗುವಿನ ಮೇಲೆ ಬಿದ್ದು ಮುದುಕ ಗೋರಿಯಲ್ಲಿ ನೆಮ್ಮದಿಯಾಗಿರುತ್ತಿದ್ದ. ಒತಿಲಿಯಾಳಿಗೆ ಅದು ಹೊಳೆಯಿತು. ಒಳಗೆ ಮೊಣಕಾಲು ಮಡಚಿ ಕೂತವಳೂ ಕಂಡಳು.

"ಅವನಿಗೂ ಬರ್ತಿರ್ಲಿಲ್ಲ. ನಂಗೂ ಈಗ್ಲೇ ಗೊತ್ತಾಗಿದ್ದು."

"ನಮ್ಮಮ್ಮನಿಗೆ ಹೇಳಿದ್ದೂ ಅವನೇ," ಎಂದಳು ಎರ್ಲಿಂದಾ. "ನಮ್ಮಪ್ಪನಿಗೆ ಅವನಪ್ಪ."

ಕಿಟಕಿಯಿಂದ ಪುಟ್ಟ ಮಕ್ಕಳ ದನಿ ಬಂತು, ಮ ಮೆ ಮಿ ಮೊ ಮು. ಎಲ್ಲಕ್ಕಿಂತ ಮೇಲೆ ದಿಲ್ಸಿಯಾಳ ದನಿ. ಅವಳಿಗೆ ಬೇರೆ ರಾಗ ಗೊತ್ತಿರಲಿಲ್ಲ. ಸತ್ತವರ ಮನೆಯಲ್ಲಿ ಹೇಳಿಸುವ ರಾಗದಲ್ಲೇ ಎಳೆದು ಎಳೆದು ಹೇಳುತ್ತಿದ್ದಳು, ಹಿಂದಿನಿಂದ ಮಕ್ಕಳೆಲ್ಲ ಅದೇ ರಾಗದಲ್ಲಿ ಮರುದನಿ ಕೊಡುತ್ತಿದ್ದರು.

ಎರ್ಲಿಂದಾಳ ಬಲಗೈ ಶಿಲುಬೆಯ ಗುರುತು ಹಾಕಲು ತಾನಾಗಿ ಎದ್ದಿತು. ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ಅದು ಹಣೆಗೆ ಹೋಗುವುದೋ ಕೆಳಗಿಳಿಯುವುದೋ ಎಂದು ಒತಿಲಿಯಾ ಪುಸ್ತಕವನ್ನು ಎದೆಗವಚಿಕೊಂಡು ನೋಡುತ್ತ ನಿಂತಳು.