ಕಾನ್ಹೇರಿಯ ಕಲ್ಲುಮಂಚ

ಅತ್ತೆ ತೀರಿಕೊಂಡು ಒಂದೂವರೆ ತಿಂಗಳಾದರೂ ಮಹಾದೇವಿ ಮತ್ತು ಅವಳ ಗಂಡ ಗುರುಪಾದ ಸರದಿಯ ಮೇಲೆಯೇ ನಿದ್ದೆ ಮಾಡುತ್ತಿದ್ದರು. ಏಳು ವರ್ಷದ ರೂಢಿ. ಮುಂಬಯಿಯ ಆಂಟಾಪ್ ಹಿಲ್‌ನ ಅವರ ಒಂದೇ ಕೋಣೆಯ ಮನೆಯಲ್ಲಿ, ಮರೆವಿನ ಕಾಯಿಲೆಯ ಮುದುಕಿ ಯಾವ ಹೊತ್ತಿನಲ್ಲಾದರೂ ಚಿಲಕ ತೆಗೆದು ಹೊರಟುಬಿಡುತ್ತಿದ್ದಳು. ಒಬ್ಬರು ಮಲಗಿದರೆ ಇನ್ನೊಬ್ಬರು ಎದ್ದಿರಬೇಕಿತ್ತು. ಗುರುಪಾದ ವಿಕ್ರೋಳಿಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದರೆ ಮನೆಯಲ್ಲಿ ಇನ್ನೊಂದು ಪಾಳಿ. ಗುಳಿಗೆ ಕೊಟ್ಟೆಯಾ, ಉಂಡಳಾ ಎಂಬುದು ಬಿಟ್ಟರೆ ಗಂಡಹೆಂಡಿರಿಗೆ ಬೇರೆ ಮಾತೇ ಉಳಿದಿರಲಿಲ್ಲ. ಈಗ ಅದೂ ಇಲ್ಲ.

ಇಬ್ಬರ ಮುಖ ನೋಡಲಾಗದೆ, ಪ್ರತಿ ಬುದ್ಧಪೂರ್ಣಿಮೆಗೆ ಕಾನ್ಹೇರಿಯ ಬೌದ್ಧ ಗುಹೆಗಳಿಗೆ ಹೋಗುವ ನೆರೆಮನೆಯ ರಂಜನಾ, ನೀವೂ ಒಂದು ದಿನ ಅಲ್ಲಿಗೆ ಹೋಗಿ ಸುಮ್ಮನೆ ಕುಳಿತು ಬನ್ನಿ ಎಂದಳು. ಗುರುಪಾದನ ವಾರದ ರಜೆಯ ದಿನ ಹೊರಟರು. ಮೂವತ್ತು ವರ್ಷ ಮುಂಬಯಿಯಲ್ಲಿದ್ದರೂ ಇಬ್ಬರೂ ಜೊತೆಯಾಗಿ ಹೀಗೆ ತಿರುಗಾಡಲು ಹೋದದ್ದು ಕಡಿಮೆ. ದಾದರ್‌ನಲ್ಲಿ ಲೋಕಲ್ ಬದಲಿಸಿ ಬೊರಿವಲಿಗೆ, ಅಲ್ಲಿಂದ ಕಾಡಿನೊಳಗಿನ ಬಸ್ಸಿನಲ್ಲಿ ಗುಹೆಗಳಿಗೆ ಬರುವಷ್ಟರಲ್ಲಿ ಇಬ್ಬರೂ ಸೋತಿದ್ದರು.

ದೊಡ್ಡ ಗುಹೆಯ ಬಾಗಿಲಲ್ಲಿ ನಾಲ್ಕಾಳೆತ್ತರದ ಬುದ್ಧ ನಿಂತಿದ್ದ. ಒಳಗೆ ಕಂಬಗಳ ಸಾಲಿನ ಕೊನೆಗೆ ಕಲ್ಲಿನ ಸ್ತೂಪ. ಹೂವಿಲ್ಲ, ದೀಪವಿಲ್ಲ. ಮಹಾದೇವಿಗೆ ಏನು ಬೇಡಿಕೊಳ್ಳಬೇಕೆಂದು ತಿಳಿಯಲಿಲ್ಲ. ಕೈ ಮುಗಿದು ಹಾಗೇ ನಿಂತಳು. ಆಮೇಲೆ ಬಂಡೆಯಲ್ಲಿ ಕಡಿದ ಮೆಟ್ಟಿಲು ಹತ್ತಿದರು. ಅವಳ ಮೊಣಕಾಲು ನೋಯತೊಡಗಿದಾಗ, ಭಿಕ್ಷುಗಳು ಇರುತ್ತಿದ್ದ ಒಂದು ಸಣ್ಣ ಗುಹೆ ಹೊಕ್ಕರು. ಗೋಡೆಗೆ ಹೊಂದಿ ಮಂಚದಂಥ ಕಲ್ಲುಕಟ್ಟೆ ಇತ್ತು. ಅದರ ಮೇಲೆ ಕುಳಿತರು. ಕಲ್ಲು ತಣ್ಣಗಿತ್ತು.

ಗುರುಪಾದ ಅಂದ, “ಅವ್ವನ ನಸೀಬ ಛಲೋ ಇತ್ತು. ನಿನ್ನ ಕೈಯಾಗಿಂದ ಚಾ ಕುಡದು ಕಣ್ಣು ಮುಚ್ಚಿದ್ಲು.”

ಈ ಮಾತನ್ನು ಅವನು ವಿಜಯಪುರದಿಂದ ಬಂದ ನೆಂಟರಿಗೆಲ್ಲ ಹೇಳಿದ್ದ. ಪ್ರತಿ ಸಲವೂ ಮಹಾದೇವಿ ತಲೆ ತಗ್ಗಿಸಿದ್ದಳು. ಇವತ್ತು ಅವಳಿಗೆ ಅಷ್ಟೂ ತ್ರಾಣವಿರಲಿಲ್ಲ.

“ಅತ್ತಿ ಚಾ ಕುಡದಿರಲಿಲ್ಲರೀ,” ಅಂದಳು. “ನಾ ಮಲ್ಕೊಂಡಿದ್ದೆ.”

ಆ ಮಧ್ಯಾಹ್ನ ಅತ್ತೆಯ ಪಕ್ಕದಲ್ಲಿ ಐದು ನಿಮಿಷವೆಂದು ಅಡ್ಡಾದವಳಿಗೆ ಎಚ್ಚರವಾದದ್ದು ನಲ್ಲಿಯಲ್ಲಿ ನೀರು ಬಂದ ಸದ್ದಿಗೆ. ಮುಟ್ಟಿದರೆ ಮುದುಕಿಯ ಕೈ ತಣ್ಣಗಾಗಿತ್ತು. ಹೆದರಿಕೆಯಲ್ಲಿ ಬಾಯಿಗೆ ಬಂದ ಸುಳ್ಳು ಹೇಳಿದ್ದಳು. ಇದನ್ನೆಲ್ಲ ಅವಳು ಅಳದೆ, ಸಾಮಾನಿನ ಪಟ್ಟಿ ಓದಿದಂತೆ ಹೇಳಿದಳು.

ಗುರುಪಾದ ಎದ್ದು ಹೊರಗೆ ಹೋದ. ಅವನು ಮೆಟ್ಟಿಲಿಳಿಯುವ ಸದ್ದು ಕೇಳಿಸಿತು, ನಿಂತಿತು. ಬಸ್ಸಿಗೆ ಹೊರಟನೇನೋ ಎಂದುಕೊಂಡಳು. ಆದರೂ ಕಟ್ಟೆ ಬಿಟ್ಟು ಏಳಲಿಲ್ಲ.

ಅರ್ಧ ತಾಸಿನ ಮೇಲೆ ಅವನು ಮರಳಿ ಬಂದ. ಕಣ್ಣು ಕೆಂಪಾಗಿದ್ದವು. ಬಾಗಿಲಲ್ಲೇ ನಿಂತು ಕೇಳಿದ, “ಹೇಳಬೇಕಿತ್ತಿಲ್ಲೋ ನೀ?”

“ಹೇಳಬೇಕಿತ್ತು.”

ಅವನು ಬಂದು ಪಕ್ಕದಲ್ಲಿ ಕುಳಿತ. ಹೊರಗೆ ಮಂಗಗಳು ಕಿತ್ತಾಡುತ್ತಿದ್ದವು.

“ನನ್ನ ಸರದಿಗೆ ನಾ ಏನು ಎದ್ದಿರತಿದ್ನೇನು?” ಅಂದ. “ಅವ್ವನ ಸೆರಗು ನನ್ನ ಕೈಗೆ ಕಟಗೊಂಡು ನಿದ್ದಿ ಮಾಡತಿದ್ದೆ. ಒಮ್ಮೆ ಗಂಟು ಬಿಚಗೊಂಡು ಕೆಳಗ ಗೇಟಿನ ತನಕ ಹೋಗಿದ್ಲು. ವಾಚಮನ್ ಕರಕೊಂಡು ಬಂದ. ನಿನಗ ನಾನೂ ಹೇಳಲಿಲ್ಲ.”

ಮಹಾದೇವಿ ಅವನ ಮುಖ ನೋಡಿದಳು. ತನಗೆ ಸಿಟ್ಟು ಬರಬಹುದೆಂದು ಕಾದಳು, ಬರಲಿಲ್ಲ. ಊರಿನವರಿಗೆ ಈಗ ಏನು ಹೇಳುವುದೆಂದು ಕೇಳಿದ್ದಕ್ಕೆ, ಅವರ ಮಟ್ಟಿಗೆ ಅವ್ವ ಚಹಾ ಕುಡಿದೇ ಹೋಗಿದ್ದಾಳೆ, ಹಾಗೇ ಇರಲಿ ಎಂದ. ಆಮೇಲೆ ತನ್ನ ಚೀಲವನ್ನು ಕಟ್ಟೆಯ ತುದಿಗಿಟ್ಟು, ತಲೆಯಿಡು ಎಂದು ಅವಳಿಗೆ ತೋರಿಸಿದ. ತಾನು ಕೆಳಗೆ ಟವೆಲ್ ಹಾಸಿಕೊಂಡ. ಯಾರು ಮೊದಲು ನಿದ್ದೆ ಹೋದರೋ ಇಬ್ಬರಿಗೂ ಗೊತ್ತಾಗಲಿಲ್ಲ.

ಕಾವಲುಗಾರ ಬಾಗಿಲಿಗೆ ಕೋಲು ಬಡಿದು ಎಬ್ಬಿಸಿದ. ಇಲ್ಲಿ ಮಲಗುವ ಹಾಗಿಲ್ಲ, ಕಡೆಯ ಬಸ್ಸು ಹೊರಡುತ್ತದೆ ಎಂದು ಹಿಂದಿಯಲ್ಲಿ ಗದರಿದ. ಗುರುಪಾದ ತಪ್ಪಾಯಿತು ಎಂದು ಟವೆಲ್ ಕೊಡವಿದ. ಬಿಸಿಲು ಇಳಿದಿತ್ತು. ಮಹಾದೇವಿ ಅವನ ತೋಳು ಹಿಡಿದು, ಒಂದೊಂದೇ ಮೆಟ್ಟಿಲು ನೋಡಿ ಕಾಲಿಡುತ್ತ, ಬಸ್ಸಿನ ಕಡೆ ಇಳಿದಳು.